ಎತ್ತು ದಾಟಿದ ಜಾಗ

ನನ್ನಿಂದ ಬಿ.ಎ. ಆಗುವುದಿಲ್ಲ ಎಂದು ಮೊಟ್ಟಮೊದಲು ಹೇಳಿದವರು ನನ್ನ ಸೋದರಮಾವ. ಹೇಳಿದ್ದು ನಮ್ಮ ಮನೆಯ ಜಗಲಿಯಲ್ಲಿ, ನನ್ನವ್ವ ಕೊಟ್ಟ ಮಜ್ಜಿಗೆಯ ಲೋಟವನ್ನು ಕೈಯಲ್ಲಿ ಹಿಡಿದುಕೊಂಡು, ಊರಿನ ಏಳೆಂಟು ಜನರ ಎದುರಿಗೆ. ಆಮೇಲೆ ಎಷ್ಟೋ ಜನ ಅದೇ ಮಾತನ್ನು ಹೇಳಿದರು. ಅವರೆಲ್ಲ ನಕಲು ಹೊಡೆದವರು. ಮೂಲಪ್ರತಿ ಮಾವನದೇ.

ಮಾವ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಕಡೆ ಕೆಲಸಕ್ಕಿದ್ದರು. ನ್ಯೂ ಟೌನಿನಲ್ಲಿ ಎರಡು ಕೋಣೆಯ ಕಾರ್ಖಾನೆ ಮನೆ, ಕೈಗೆ ಒಂದು ಹಿತ್ತಾಳೆ ಬಿಲ್ಲೆ, ಬಿಲ್ಲೆಯ ಮೇಲೆ ಕೆತ್ತಿದ ನಂಬರು. ನಮ್ಮೂರಿಗೆ ಬರುವಾಗ ಆ ಬಿಲ್ಲೆಯನ್ನು ಅಂಗಿಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಸಿಕ್ಕಿಸಿಕೊಂಡು ಬರುತ್ತಿದ್ದರು. ಉಳಿದ ನಮಗೆಲ್ಲ ಬರೀ ಹೆಸರುಗಳಿದ್ದವು. ನಂಬರು ಇದ್ದ ಮನುಷ್ಯ ಅವರೊಬ್ಬರೇ.

"ಅಕ್ಕಾ, ಇವ್ನಿಗೆ ಬಿ.ಎ. ಗೀಯೆ ಅಂತ ಹುಚ್ಚು ಹತ್ತಿಸ್ಬೇಡ. ನಮ್ಮೋರಲ್ಲಿ ಯಾವನಾದ್ರೂ ಆಗಿದಾನೇನು ಹೇಳು?"

"ಯಾರೂ ಆಗಿಲ್ಲ ಅಂತ್ಲೇ ಇವ್ನು ಆಗ್ಲಿ ಅಂತೀನಿ" ಎಂದಳು ಅವ್ವ.

"ಆಗಲ್ಲ ಮಾರಾಯ್ತಿ. ಹೊಳೇಲಿ ಎತ್ತು ದಾಟ್ಸೋ ಕೈಗೆ ಇಂಗ್ಲಿಷ್ ಹತ್ತಲ್ಲ. ಬರ್ದಿಟ್ಕೋ ಬೇಕಾದ್ರೆ."

ಅವ್ವನಿಗೆ ಬರೆಯಲು ಬರುತ್ತಿರಲಿಲ್ಲ. ಆದ್ದರಿಂದ ನಾನೇ ಬರೆದಿಟ್ಟುಕೊಂಡೆ, ಮನಸ್ಸಿನಲ್ಲಿ.

ಎತ್ತು ದಾಟಿಸುವುದು ಎಂದು ಮಾವ ಹೀಯಾಳಿಸಿದ ಕೆಲಸ ಎಂಥದು ಎಂದು ಮೊದಲು ಹೇಳಬೇಕು. ನಮ್ಮ ಊರು ಭದ್ರಾವತಿಯಿಂದ ಮೂರು ಮೈಲಿ ಕೆಳಗೆ, ಭದ್ರಾ ಹೊಳೆಯ ದಂಡೆಯಲ್ಲಿದೆ. ಮನೆಗಳೆಲ್ಲ ಈ ದಡದಲ್ಲಿ, ಗದ್ದೆಗಳೆಲ್ಲ ಆ ದಡದಲ್ಲಿ. ಹೀಗೆ ಊರು ಕಟ್ಟಿದ ಮಹಾನುಭಾವ ಯಾರೋ, ಅವನ ಬುದ್ಧಿಗೆ ಕೈಮುಗಿಯಬೇಕು. ಸೇತುವೆ ಇದ್ದದ್ದು ಭದ್ರಾವತಿಯಲ್ಲಿ. ಅದರ ಮೇಲಿಂದ ಹೋಗಿ ಗದ್ದೆ ಮುಟ್ಟುವುದೆಂದರೆ ಆರು ಮೈಲಿ ಸುತ್ತು. ಮಳೆಗಾಲದಲ್ಲಿ ಹರಿಗೋಲು ಹತ್ತುತ್ತಿದ್ದೆವು. ನೀರಿಳಿದ ಮೇಲೆ ಕಡವು. ಕಡವು ಎಂದರೆ ಮನುಷ್ಯ, ದನ, ಗಾಡಿ ಎಲ್ಲವೂ ನೀರಿಗಿಳಿದು ನೆಲದ ಮೇಲೆ ಕಾಲಿಟ್ಟೇ ದಾಟುವ ಜಾಗ.

ಆ ಜಾಗ ಪ್ರತಿವರ್ಷ ಒಂದೇ ಕಡೆ ಇರುವುದಿಲ್ಲ. ಮಳೆಗಾಲದ ಹೊಳೆ ತಳದ ಮರಳನ್ನೆಲ್ಲ ಎತ್ತಿ ಬೇರೆಲ್ಲೋ ಹಾಕಿರುತ್ತದೆ. ಹೋದ ವರ್ಷ ಮೊಣಕಾಲುದ್ದ ಇದ್ದಲ್ಲಿ ಈ ವರ್ಷ ಹೊಂಡ. ಆದ್ದರಿಂದ ದೀಪಾವಳಿ ಕಳೆದು ನೀರು ತಿಳಿಯಾದ ಮೇಲೆ ನಮ್ಮೂರಿನವರು ಒಂದು ದಿನ ಬರೀ ದಾರಿ ಹುಡುಕುತ್ತಿದ್ದರು. ಊರಿನಲ್ಲಿ ಎಲ್ಲಕ್ಕಿಂತ ಮುದಿಯಾದ ಎತ್ತನ್ನು ತಂದು, ನೊಗವಿಲ್ಲದೆ, ಮೂಗುದಾರವನ್ನು ಕೊಂಬಿಗೆ ಸಡಿಲವಾಗಿ ಸುತ್ತಿ, ನೀರಿಗೆ ಬಿಡುವುದು. ಯಾರೂ ಅದನ್ನು ಹೊಡೆಯುವಂತಿಲ್ಲ, ಹೋ ಎಂದು ಕೂಗುವಂತಿಲ್ಲ. ಎತ್ತು ಮೂಸುತ್ತದೆ, ನಿಲ್ಲುತ್ತದೆ, ಒಂದು ಕಾಲಿಟ್ಟು ಹಿಂದಕ್ಕೆ ತೆಗೆಯುತ್ತದೆ, ಓರೆಯಾಗಿ ತಿರುಗುತ್ತದೆ. ಅದರ ಹಿಂದೆ ಅಪ್ಪ ಬಿದಿರಿನ ಗೂಟಗಳ ಕಟ್ಟನ್ನು ಹೆಗಲ ಮೇಲಿಟ್ಟುಕೊಂಡು, ಅದು ಕಾಲೂರಿದ ಕಡೆಯಲ್ಲೆಲ್ಲ ಒಂದೊಂದು ಗೂಟ ನೆಡುತ್ತ ಹೋಗುತ್ತಿದ್ದರು. ಆಚೆ ದಡ ಮುಟ್ಟುವ ಹೊತ್ತಿಗೆ ಅರ್ಧ ಬೆಳಗು ಮುಗಿದಿರುತ್ತಿತ್ತು. ಆ ದಿನ ಒಂದು ಗಾಡಿಯೂ ನೀರಿಗೆ ಇಳಿಯುವಂತಿರಲಿಲ್ಲ. ಗದ್ದೆಯಲ್ಲಿ ಭತ್ತ ಒಣಗಿ ಉದುರುತ್ತಿದ್ದರೂ ಸರಿಯೇ. ಮಾರನೆಯ ದಿನ ಗೂಟಗಳ ಸಾಲು ಹಿಡಿದು ಗಾಡಿಗಳು.

ಗಾಡಿ ಹೊಡೆಯುವವನಿಗೆ ಅಪ್ಪ ಹೇಳುತ್ತಿದ್ದದ್ದು ಒಂದೇ ಮಾತು: "ಆಳ ಮೊದ್ಲು ಮುಗ್ಸು." ನಮ್ಮ ಕಡವಿನಲ್ಲಿ ಆಳವಿದ್ದದ್ದು ನಮ್ಮ ದಡದ ಹತ್ತಿರವೇ, ಆಚೆಗೆಲ್ಲ ಮರಳು. ಎತ್ತುಗಳಿಗೆ ಉಸಿರು ಇರುವಾಗಲೇ ಆಳದಿಂದ ಎಳೆಸಿಬಿಡಬೇಕು. ಹನ್ನೆರಡು ವರ್ಷಕ್ಕೆ ಆ ಮಾತು ನನಗೆ ಬಾಯಿಪಾಠವಾಗಿತ್ತು. ಅದೇ ಮಾತು ಮುಂದೆ ನನ್ನನ್ನು ಮುಳುಗಿಸಿತು. ಅದನ್ನು ಆಮೇಲೆ ಹೇಳುತ್ತೇನೆ.

ಹೈಸ್ಕೂಲಿಗೆ ಶಿವಮೊಗ್ಗಕ್ಕೆ ಹೋದೆ. ನಮ್ಮವರು ನಡೆಸುತ್ತಿದ್ದ ಒಂದು ವಿದ್ಯಾರ್ಥಿನಿಲಯದಲ್ಲಿ ಜಾಗ ಸಿಕ್ಕಿತು. ಇಂಗ್ಲಿಷ್ ಕಲಿಸುತ್ತಿದ್ದವರು ಹೆಡ್‌ಮೇಷ್ಟ್ರೇ. ಮುಚ್ಚುಕೋಟು, ಜರಿಯಂಚಿನ ರುಮಾಲು, ಕೈಯಲ್ಲಿ ಬೆತ್ತ. ಬೆತ್ತವನ್ನು ಅವರು ಅಲಂಕಾರಕ್ಕೆ ಇಟ್ಟುಕೊಂಡಿರಲಿಲ್ಲ. ಒಂದು ದಿನ ಪಾಠದಲ್ಲಿ ಯಾವುದೋ ಸೈನ್ಯ ನದಿಯ ದಂಡೆಗೆ ಬಂದು ನಿಂತಿತ್ತು. ಅದು ದಾಟಬೇಕಾದ ಸ್ಥಳಕ್ಕೆ ಇಂಗ್ಲಿಷಿನಲ್ಲಿ 'ಫೋರ್ಡ್' ಎಂದು ಬರೆದಿತ್ತು. ಹಾಗೆಂದರೇನು ಎಂದು ಮೇಷ್ಟ್ರು ಕೇಳಿದರು. ಮುಂದಿನ ಬೆಂಚಿನ ವಕೀಲರ ಮಗ ಎದ್ದು "ಸೇತುವೆ ಸಾರ್" ಎಂದ. ಅವನ ಪಕ್ಕದವನು "ದೋಣಿ ಸಾರ್" ಎಂದ. ತುಂಗೆಯ ಮೇಲೆ ಸೇತುವೆ ಇದ್ದ ಊರಿನ ಹುಡುಗರು. ನೀರಿಗೆ ಕಾಲಿಡುವುದು ಅವರಿಗೆ ಸ್ನಾನಕ್ಕೆ ಮಾತ್ರ. ಕೊನೆಗೆ ಮೇಷ್ಟ್ರೇ ಹೇಳಿದರು: "ನದಿಯಲ್ಲಿ ಆಳವಿಲ್ಲದ, ನಡೆದು ದಾಟಬಹುದಾದ ಸ್ಥಳ."

ನಾನು ಹಿಂದಿನ ಬೆಂಚಿನಿಂದ ಎದ್ದು ನಿಂತೆ.

"ಕಡವು ಸಾರ್."

"ಏನಂದೆ?"

"ನಮ್ಮೂರಲ್ಲಿ ಅದಕ್ಕೆ ಕಡವು ಅಂತೀವಿ ಸಾರ್. ಆದ್ರೆ ಆಳ ಇಲ್ಲ ಅನ್ನೋದು ಸುಳ್ಳು. ಎತ್ತಿನ ಹೊಟ್ಟೆ ಮುಟ್ಟುತ್ತೆ."

ತರಗತಿ ನಕ್ಕಿತು. ಮೇಷ್ಟ್ರು ನಗಲಿಲ್ಲ.

"ಡಿಕ್ಷನರಿ ಸುಳ್ಳು ಹೇಳುತ್ತೆ ಅಂತೀಯೇನೋ?"

"ಡಿಕ್ಷನರಿ ಬರೆದೋರು ಗಾಡಿ ಹೊಡೆದಿಲ್ಲ ಅನ್ಸುತ್ತೆ ಸಾರ್."

ಇಷ್ಟಾದ ಮೇಲೆ ಬೆತ್ತ ಬೀಳುವುದು ಖಂಡಿತ ಎಂದು ನಾನೇ ಕೈ ಮುಂದೆ ಚಾಚಿದೆ. ಬೀಳಲಿಲ್ಲ. ಸಂಜೆ ಮನೆಯ ಹತ್ತಿರ ಬಾ ಎಂದರು.

ಅವರ ಮನೆ ದುರ್ಗಿಗುಡಿಯಲ್ಲಿತ್ತು. ಜಗಲಿಯ ಮೇಲೆ ನನಗೊಂದು ಚಾಪೆ ಹಾಕಿಸಿದರು. ನಮ್ಮಂಥವರನ್ನು ಒಳಗೆ ಕರೆಯುವ ಕಾಲ ಅದಲ್ಲ, ಕರೆಯಲೂ ಇಲ್ಲ. ಡಿಕ್ಷನರಿ ಮಾತ್ರ ಒಳಗಿನಿಂದ ಜಗಲಿಗೆ ಬಂತು. ಅದಕ್ಕೆ ಮಡಿ ಮೈಲಿಗೆ ಇರಲಿಲ್ಲ ಎಂದು ಕಾಣುತ್ತದೆ. ಮೊದಲು ಕಡವಿನ ವಿಷಯವೆಲ್ಲ ನನ್ನ ಬಾಯಿಂದ ಹೇಳಿಸಿದರು. ಮುದಿ ಎತ್ತು, ಗೂಟ, ಆಳ ಎಲ್ಲ. ನಡುನಡುವೆ "ಹೊಡೆಯೋ ಹಾಗಿಲ್ವೇನೋ?", "ಆ ದಿನ ಒಂದು ಗಾಡೀನೂ ಇಲ್ವೇನೋ?" ಎಂದು ಕೇಳುತ್ತಿದ್ದರು. ಶಿವಮೊಗ್ಗದ ದೊಡ್ಡ ಮೇಷ್ಟ್ರಿಗೆ ನಾನು ಪಾಠ ಹೇಳಿದ ಸಂಜೆ ಅದು. ನನಗೆ ಜಂಬ ಬರದೆ ಇದ್ದೀತೇ?

ಆಮೇಲೆ ಅವರ ಸರದಿ. ಫೋರ್ಡ್ ಎಂಬುದು ಇಂಗ್ಲಿಷರ ಬಹಳ ಹಳೆಯ ಮಾತಂತೆ. ಹೆಸರಾಗಿ ಬಂದರೆ ದಾಟುವ ಜಾಗ. ಕ್ರಿಯೆಯಾಗಿ ಬಂದರೆ ನೀರಿನಲ್ಲಿ ನಡೆದು ದಾಟು. ಪ್ರಯಾಣಕ್ಕೆ ಅವರು ಹೇಳುವ ಹಳೆಯ 'ಫೇರ್' ಅದರ ಒಡಹುಟ್ಟು. ದೋಣಿಯಲ್ಲಿ ದಾಟಿಸುವ 'ಫೆರಿ' ಅದೇ ಮನೆಯದು. ಲ್ಯಾಟಿನ್ನಿನಿಂದ ಬಂದ, ಹಡಗು ನಿಲ್ಲುವ 'ಪೋರ್ಟ್' ದೂರದ ನೆಂಟ. ಎಲ್ಲದರ ತಳದಲ್ಲಿ ಆಚೆಗೆ ಹೋಗು ಎಂಬ ಒಂದೇ ಬೇರು. ಆ ಬೇರಿನಿಂದಲೇ ನಮ್ಮ ಸಂಸ್ಕೃತದ 'ಪಾರ', ಅಂದರೆ ಆಚೆಯ ದಡ. ನನ್ನವ್ವ ದಿನಕ್ಕೆ ಹತ್ತು ಸಲ "ದೇವ್ರೇ ಪಾರು ಮಾಡಪ್ಪ" ಎನ್ನುತ್ತಿದ್ದಳು. ದೊರೆಗಳ ಜೊತೆ ಅವಳಿಗೆ ಇಂಥ ನೆಂಟಸ್ತಿಕೆ ಇದೆ ಎಂದು ಅವಳಿಗೂ ಗೊತ್ತಿರಲಿಲ್ಲ, ದೊರೆಗಳಿಗೂ ಗೊತ್ತಿರಲಿಲ್ಲ.

"ಆಕ್ಸ್ ಅಂದ್ರೇನೋ?" ಎಂದರು ಮೇಷ್ಟ್ರು.

"ಎತ್ತು ಸಾರ್."

"ಹಾಗಾದ್ರೆ ಆಕ್ಸ್‌ಫರ್ಡ್ ಅಂದ್ರೆ?"

ಎತ್ತು ದಾಟುವ ಕಡವು! ಜಗತ್ತಿನ ವಿದ್ಯೆಯೆಲ್ಲ ಅಲ್ಲೇ ಇದೆ ಎಂದು ನಮ್ಮ ಕೋಟು ತೊಟ್ಟವರು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದ ಊರಿಗೆ ಯಾವನೋ ಗಾಡಿ ಹೊಡೆಯುವವನು ಇಟ್ಟ ಹೆಸರು. ಗ್ರೀಕರ ಕಡೆಯಲ್ಲೂ ಎರಡು ಸಮುದ್ರಗಳ ನಡುವಿನ ಒಂದು ಇಕ್ಕಟ್ಟಾದ ನೀರಿಗೆ ದನ ದಾಟಿದ ಜಾಗ ಎಂದೇ ಹೆಸರಂತೆ. ಅಂದರೆ ಸೀಮೆ ಯಾವುದಾದರೇನು, ದನ ಮೊದಲು ದಾಟಿತು. ಪಂಡಿತರು ಆಮೇಲೆ ಬಂದು ಬೋರ್ಡು ಹಾಕಿಕೊಂಡರು. ನಮ್ಮೂರಿನ ಎತ್ತುಗಳ ತಪ್ಪು ಏನೆಂದರೆ ಅವು ಭದ್ರೆಯಲ್ಲಿ ದಾಟಿದ್ದು.

ಈ ಸಂಗತಿಯನ್ನು ರಜೆಯಲ್ಲಿ ಮಾವನಿಗೆ ಹೇಳಿದೆ. ಅವರು ಬಿಲ್ಲೆಯನ್ನು ಅಂಗಿಗೆ ಉಜ್ಜುತ್ತ ಪೂರ್ತಿ ಕೇಳಿದರು.

"ಹೌದೇನೋ ಅಳಿಯ? ಹಾಗಾದ್ರೆ ನಿಮ್ಮೂರ ಕಡವಲ್ಲೂ ಒಂದು ಯೂನಿವರ್ಸಿಟಿ ಕಟ್ಸು. ಕಬ್ಬಿಣ ನಾನು ಕೊಡಿಸ್ತೀನಿ."

ಇಂಟರ್‌ಮೀಡಿಯೇಟಿಗೂ ಬಿ.ಎ.ಗೂ ಮೈಸೂರಿಗೆ ಹೋದೆ. ಆ ವರ್ಷಗಳ ಹಸಿವಿನ ಕಥೆ ಇಲ್ಲಿ ಬೇಡ. ಅದನ್ನು ನನಗಿಂತ ಚೆನ್ನಾಗಿ ಹಸಿದವರು ಬೇಕಾದಷ್ಟು ಬರೆದಿದ್ದಾರೆ. ಕೊನೆಯ ಪರೀಕ್ಷೆಗೆ ಹೊರಟಾಗ ಅಪ್ಪ ಭದ್ರಾವತಿ ಸ್ಟೇಷನ್ನಿನವರೆಗೆ ಬಂದರು. ಪರೀಕ್ಷೆ ಎಂದರೆ ಏನೆಂದು ಅವರಿಗೆ ತಿಳಿಯದು. ಆದರೂ ಏನಾದರೂ ಹೇಳಬೇಕಲ್ಲ.

"ಕಷ್ಟದ್ದು ಮೊದ್ಲು ಮುಗ್ಸಪ್ಪ. ದಣಿವಾಗೋಕೆ ಮುಂಚೆ" ಎಂದರು.

ನಾನು ವಿಧೇಯ ಮಗ. ಉಳಿದ ಪತ್ರಿಕೆಗಳಲ್ಲಿ ಹೇಗೋ ಆಯಿತು. ಇಂಗ್ಲಿಷ್ ಪತ್ರಿಕೆ ಕೈಗೆ ಬಂದ ಕೂಡಲೇ ಕಷ್ಟದ್ದು ಯಾವುದೆಂದು ಕಣ್ಣಾಡಿಸಿದೆ. ಇಷ್ಟಬಂದ ಒಂದು ಇಂಗ್ಲಿಷ್ ಪದದ ಅರ್ಥಗಳನ್ನೂ ಅದು ಬಂದ ದಾರಿಯನ್ನೂ ಬರೆಯಿರಿ ಎಂಬ ಪ್ರಶ್ನೆ ಇತ್ತು. ಸುತ್ತಲಿನವರೆಲ್ಲ ಅದನ್ನು ನೋಡಿಯೇ ಮುಖ ಕಿವುಚಿದರು. ಇದೇ ಆಳ ಎಂದುಕೊಂಡು ಧುಮುಕಿದೆ. ಫೋರ್ಡ್ ಬರೆದೆ. ಫೆರಿ, ಪೋರ್ಟ್, ಪಾರ ಬರೆದೆ. ಎತ್ತು ದಾಟಿದ ಊರು ಬರೆದೆ, ದನ ದಾಟಿದ ಸಮುದ್ರ ಬರೆದೆ. ಡಿಕ್ಷನರಿಯಲ್ಲಿ ಏನು ತಪ್ಪಿದೆ ಎಂಬುದನ್ನು ಎರಡು ಪುಟ ಬರೆದೆ. ಬಿದಿರಿನ ಗೂಟಕ್ಕೆ ಇಂಗ್ಲಿಷಿನಲ್ಲಿ ಏನೆನ್ನಬೇಕೆಂದು ಯೋಚಿಸುತ್ತ ಐದು ನಿಮಿಷ ಕಳೆದೆ. ತಲೆಯೆತ್ತಿ ನೋಡಿದರೆ ಮೂರು ಗಂಟೆಯ ಪತ್ರಿಕೆಯಲ್ಲಿ ಉಳಿದದ್ದು ಮುಕ್ಕಾಲು ಗಂಟೆ. ಉಳಿದ ಪ್ರಶ್ನೆಗಳು ಐದು. ಆ ಐದೂ ಸುಲಭದವು. ಮೂರನ್ನು ಮುಟ್ಟಲೇ ಇಲ್ಲ.

ಇಂಗ್ಲಿಷಿನಲ್ಲಿ ಫೇಲು. ಉಳಿದದ್ದರಲ್ಲಿ ಪಾಸು. ಇಂಗ್ಲಿಷ್ ಆಗದೆ ಡಿಗ್ರಿ ಇಲ್ಲ. ಇಡೀ ಸಂಸ್ಥಾನದಲ್ಲಿ ಆ ಪದದ ಬಗ್ಗೆ ನನ್ನಷ್ಟು ತಿಳಿದವನು ಇನ್ನೊಬ್ಬ ಇರಲಿಲ್ಲ ಎಂದು ಈಗಲೂ ಹೇಳಬಲ್ಲೆ. ಅಷ್ಟು ತಿಳಿದುಕೊಂಡೇ ನಪಾಸಾದವನೂ ಇನ್ನೊಬ್ಬ ಇರಲಾರ.

ಊರಿಗೆ ಬಂದೆ. ಮಾವ ಅದೇ ವಾರ ಬಂದರು. ಅವರಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ಎಂಟು ವರ್ಷದ ಹಿಂದೆ ಆಡಿದ ಮಾತು ನಿಜವಾದರೆ ಯಾರಿಗೆ ಸಿಟ್ಟು ಬರುತ್ತದೆ?

"ಹೇಳಿರ್ಲಿಲ್ವಾ?" ಎಂದರು. ಮಜ್ಜಿಗೆ ಕುಡಿದರು. ಮತ್ತೆ "ಹೇಳಿದ್ದೆ ತಾನೇ?" ಎಂದರು. ಆಮೇಲೆ ನನ್ನ ಭುಜದ ಮೇಲೆ ಕೈ ಹಾಕಿ, "ಹೋಗ್ಲಿ ಬಿಡೋ ಮಾರಾಯ. ನನ್ಜೊತೆ ಬಾ. ಕಾರ್ಖಾನೆ ಮೇಸ್ತ್ರಿ ಹತ್ರ ಮಾತಾಡಿದೀನಿ" ಎಂದರು. ಕೆಟ್ಟ ಮನುಷ್ಯರಲ್ಲ. ತನ್ನ ಮಾತು ಸುಳ್ಳಾಗಬಾರದು, ಅಳಿಯನೂ ಉಪವಾಸ ಸಾಯಬಾರದು, ಎರಡೂ ಬೇಕಿತ್ತು ಅವರಿಗೆ.

ಹೀಗೆ ನಾನು ಮಾವನ ಮನೆ ಸೇರಿದೆ. ಕಾರ್ಖಾನೆಯ ಹಾಜರಿ ಆಫೀಸಿನಲ್ಲಿ ಹಂಗಾಮಿ ಕೆಲಸ. ಪಾಳಿಗೆ ಬಂದವರ ಬಿಲ್ಲೆ ಇಸಿದುಕೊಂಡು ನಂಬರು ಬರೆದುಕೊಳ್ಳುವುದು, ಪಾಳಿ ಬಿಟ್ಟಾಗ ಬಿಲ್ಲೆ ವಾಪಸು ಕೊಡುವುದು. ಮಾವನ ಬಿಲ್ಲೆಯನ್ನೂ ದಿನಾ ನಾನೇ ಇಸಿದುಕೊಳ್ಳಬೇಕು. ಕಿಂಡಿಯಲ್ಲಿ ಅದನ್ನು ಇಡುವಾಗ "ತಗೊಳ್ಳಿ ಬಿ.ಎ. ಸಾಹೇಬ್ರೇ" ಎನ್ನುತ್ತಿದ್ದರು, ಹಿಂದೆ ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆ. ಸಾಲಿಗೆ ಸಾಲೇ ಅದನ್ನು ಹಿಡಿದುಕೊಂಡಿತು. ವಾರದೊಳಗೆ ಕಾರ್ಖಾನೆಯಲ್ಲಿ ನನಗೆ ಬೇರೆ ಹೆಸರು ಇರಲಿಲ್ಲ. ಡಿಗ್ರಿ ಸಿಗುವ ಮೊದಲೇ ಇಷ್ಟು ಜನ ಅದನ್ನು ಒಪ್ಪಿಕೊಂಡ ಪದವೀಧರ ಬಹುಶಃ ನಾನೊಬ್ಬನೇ.

ಪಕ್ಕದ ಕಿಂಡಿಯಲ್ಲಿ ಸೇಲಂ ಕಡೆಯ ಒಬ್ಬ ತಮಿಳು ಗುಮಾಸ್ತನಿದ್ದ. ಕೆಲಸವಿಲ್ಲದ ಹೊತ್ತಿನಲ್ಲಿ ಅವನಿಗೆ ನನ್ನ ಪದದ ಕಥೆ ಹೇಳಿದೆ. ಅವನು, "ಕಡವಾ? ನಮ್ಮಲ್ಲಿ 'ಕಡ' ಅಂದ್ರೆ ದಾಟು ಅಂತ" ಎಂದ. ಅಂದರೆ ನಮ್ಮ ಕಡವಿಗೂ ಅಣ್ಣತಮ್ಮಂದಿರಿದ್ದರು. ಯಾರೂ ನನಗೆ ಹೇಳಿರಲಿಲ್ಲ. ಆಗ ಯುದ್ಧ ಶುರುವಾಗಿತ್ತು. ಗುಮಾಸ್ತ ತರುತ್ತಿದ್ದ ಪೇಪರಿನಲ್ಲಿ ಜರ್ಮನರ ಊರುಗಳ ಹೆಸರು ಬರುತ್ತಿದ್ದವು. ಅವುಗಳಲ್ಲಿ ಒಂದೆರಡರ ಬಾಲದಲ್ಲೂ ಇದೇ ಫೋರ್ಡ್, ಸ್ವಲ್ಪ ವೇಷ ಬದಲಿಸಿಕೊಂಡು 'ಫರ್ಟ್' ಎಂದು ಕೂತಿತ್ತು. ಒಂದೇ ಕಡವಿನ ಮಕ್ಕಳು ಎರಡು ದಡದಲ್ಲಿ ನಿಂತು ಗುಂಡು ಹಾರಿಸುತ್ತಿದ್ದರು. ಅವರಿಗೆ ವ್ಯುತ್ಪತ್ತಿ ಹೇಳಿಕೊಡುವವರು ಇರಲಿಲ್ಲ ಎಂದು ಕಾಣುತ್ತದೆ.

ಕುಲುಮೆಯ ಕಡೆ ಒಂದು ಖಾಯಂ ಜಾಗ ಖಾಲಿಯಾಗುವುದಿತ್ತು. ಮಾವ ಮೇಸ್ತ್ರಿಯನ್ನು ಹಿಡಿದು ಅದನ್ನು ನನಗಾಗಿ ಕಾಯ್ದಿರಿಸಿದ್ದರು. ನಾನು ಇನ್ನೊಂದು ಸಲ ಪರೀಕ್ಷೆ ಕಟ್ಟುತ್ತೇನೆ ಎಂದಾಗ ಊರಿನ ಮನೆಯಲ್ಲಿ ಪಂಚಾಯಿತಿ ನಡೆಯಿತು. ಮಾವ ಜಗಲಿಯ ತುಂಬ ಮಾತಾಡಿದರು. ಅಪ್ಪ ಕೊನೆಯಲ್ಲಿ ಮಾತಾಡಿದರು.

"ಇನ್ನೊಂದ್ಸಲ. ಅಷ್ಟೇ. ಆಗ್ಲಿಲ್ಲ ಅಂದ್ರೆ ನಿಮ್ಮಾವ ಹೇಳಿದ ಜಾಗಕ್ಕೆ ಸೇರ್ಕೊಂಡ್ಬಿಡ್ಬೇಕು. ಆಮೇಲೆ ಪುಸ್ತಕದ ಸುದ್ದಿ ನನ್ಹತ್ರ ಎತ್ಬಾರ್ದು."

ನಾನು ಒಪ್ಪಿದೆ. ಬಿ.ಎ. ಆದರೆ ನಾನು ಓದಿದ ಹೈಸ್ಕೂಲಿನಲ್ಲೇ ಮೇಷ್ಟ್ರ ಕೆಲಸಕ್ಕೆ ಅರ್ಜಿ ಹಾಕಬಹುದಿತ್ತು. ಆಗದಿದ್ದರೆ ಕುಲುಮೆಯ ಎದುರಿಗೆ ಮಾವನ ಪಕ್ಕದಲ್ಲಿ, ಕೈಕಾಲು ಗಟ್ಟಿಯಿರುವವರೆಗೂ, ದಿನಕ್ಕೆ ಎರಡು ಸಲ "ಹೇಳಿರ್ಲಿಲ್ವಾ" ಕೇಳಿಕೊಂಡು. ಬಿಸಿಗೆ ನಾನು ಹೆದರುವವನಲ್ಲ. ಆ ಮಾತಿಗೆ ಹೆದರಿದ್ದೆ.

ವಾರದ ರಜೆಯ ದಿನ ರೈಲು ಹತ್ತಿ ಶಿವಮೊಗ್ಗಕ್ಕೆ ಹೋದೆ. ಮೇಷ್ಟ್ರು ಅಷ್ಟು ಹೊತ್ತಿಗೆ ನಿವೃತ್ತರಾಗಿದ್ದರು. ರುಮಾಲು ಹೋಗಿತ್ತು, ಬೆತ್ತ ಊರುಗೋಲಾಗಿತ್ತು. ಅದೇ ಜಗಲಿ, ಚಾಪೆ ಮಾತ್ರ ಹೊಸದು. ಪ್ರಶ್ನೆಪತ್ರಿಕೆಯನ್ನು ಅವರ ಕೈಗೆ ಕೊಟ್ಟು ನಡೆದದ್ದನ್ನು ಹೇಳಿದೆ. ಎರಡೂಕಾಲು ಗಂಟೆ ಫೋರ್ಡ್ ಬರೆದೆ ಎಂದಾಗ ಅವರು ಕನ್ನಡಕ ತೆಗೆದು ಮುಖ ಒರೆಸಿಕೊಂಡರು. ನಗುತ್ತಿದ್ದಾರೆ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು.

"ಅಲ್ವೋ ಮಾರಾಯ, ಅದನ್ನೇ ಯಾಕೆ ಮೊದ್ಲು ಹಿಡ್ಕೊಂಡೆ?"

"ಆಳ ಮೊದ್ಲು ಮುಗಿಸ್ಬೇಕಲ್ವಾ ಸಾರ್. ನಮ್ಮಪ್ಪ ಹೇಳಿದ್ರು."

"ನಿಮ್ಮಪ್ಪ ಸರಿಯಾಗೇ ಹೇಳಿದಾರೆ. ಆಳ ಎಲ್ಲಿದೆ ಅಂತ ನಿಮ್ಮಪ್ಪಂಗೆ ಹೇಗೆ ಗೊತ್ತಾಗುತ್ತೆ?"

"ಗೂಟ ಇರುತ್ತಲ್ಲ ಸಾರ್."

"ಗೂಟ ಯಾರು ನೆಟ್ಟಿದ್ದು?"

"ಅಪ್ಪಾನೇ."

"ಯಾವಾಗ?"

ನಾನು ಅವರ ಕೈಯಲ್ಲಿದ್ದ ಪ್ರಶ್ನೆಪತ್ರಿಕೆಯ ಕಡೆ ನೋಡಿದೆ.

"ಹಿಂದಿನ ದಿನ" ಎಂದು ಅವರೇ ಹೇಳಿದರು. "ಖಾಲಿ ಎತ್ತು ಬಿಟ್ಟು. ನೀನೇ ಕಣೋ ಇಲ್ಲಿ ಕೂತ್ಕೊಂಡು ಹೇಳಿದ್ದು, ಮೊದಲ ದಿನ ಒಂದು ಗಾಡೀನೂ ಇಳ್ಸಲ್ಲ ಅಂತ. ಗೊತ್ತಿಲ್ಲದ ಹೊಳೆಗೆ ಮೊದಲ ದಿನವೇ ಭರ್ತಿ ಗಾಡಿ ಇಳಿಸ್ತಾರೇನೋ? ಇಳಿಸಿದ್ಯಲ್ಲೋ ನೀನು!"

ಹೌದು. ಹನ್ನೆರಡು ವರ್ಷ ಹೊಳೆಯಲ್ಲಿ ಕಲಿತದ್ದರಲ್ಲಿ ಅರ್ಧವನ್ನು ಪರೀಕ್ಷೆಗೆ ಒಯ್ದಿದ್ದೆ. ಮುಖ್ಯವಾದ ಅರ್ಧ ದಂಡೆಯಲ್ಲೇ ಉಳಿದಿತ್ತು. ನಮ್ಮೂರಿನಲ್ಲಿ ಇಂಥ ತಪ್ಪು ಮಾಡಿದವನ ಗಾಡಿಯನ್ನು ನಾಲ್ಕು ಜನ ಹಗ್ಗ ಹಾಕಿ ಎಳೆಯುತ್ತಿದ್ದರು, ಎ‍ಳೆದು ಮುಗಿಯುವವರೆಗೂ ಬೈಯುತ್ತಿದ್ದರು.

ಆಮೇಲಿನ ಆರು ತಿಂಗಳು ಪ್ರತಿ ರಜೆಯ ದಿನ ಜಗಲಿಯ ಮೇಲೆ ಒಂದೇ ಕಸರತ್ತು. ಮೇಷ್ಟ್ರು ಹಳೆಯ ಪತ್ರಿಕೆಯೊಂದನ್ನು ಕೊಟ್ಟು ನನ್ನ ಪೆನ್ಸಿಲು ಕಿತ್ತಿಟ್ಟುಕೊಳ್ಳುತ್ತಿದ್ದರು. ಕಾಲು ಗಂಟೆ ಬರೀ ಓದಬೇಕು. ಯಾವ ಪ್ರಶ್ನೆಯಲ್ಲಿ ಕಾಲು ಊರುತ್ತದೆ, ಯಾವುದರಲ್ಲಿ ಇಳಿದುಹೋಗುತ್ತದೆ ಎಂದು ಬಾಯಲ್ಲೇ ಹೇಳಬೇಕು. ನಾನು ಹುರುಪಿನಿಂದ ಶುರು ಮಾಡಿದರೆ "ಹೊಡೀಬೇಡ್ವೋ ಎತ್ತನ್ನ!" ಎನ್ನುತ್ತಿದ್ದರು. ಒಳಗಿನಿಂದ ಅವರ ಹೆಂಡತಿ ಒಂದು ಸಲ ಬಾಗಿಲಿಗೆ ಬಂದು, "ಯಾವ ಎತ್ತೂಂದ್ರೆ? ಯಾರ್ದು?" ಎಂದು ಬೀದಿಯ ಎರಡೂ ಕಡೆ ನೋಡಿದರು. ನಾನು ಮಂಡಕ್ಕಿ ತಿನ್ನುತ್ತ ತಲೆ ತಗ್ಗಿಸಿದೆ.

ಪರೀಕ್ಷೆಗೆ ಎಂಟು ದಿನದ ರಜೆ ಬೇಕಿತ್ತು. ಮೇಸ್ತ್ರಿ ಒಪ್ಪಲಿಲ್ಲ. ಹೋಗಿ ಒಪ್ಪಿಸಿದವರು ಮಾವ. ಬಂದು ಹೇಳಿದ್ದು ಹೀಗೆ: "ಎಂಟೇ ದಿನ ಅಂದಿದೀನಿ. ಫೇಲಾಗಿ ಬಂದೋನು ಒಂಬತ್ತನೇ ದಿನ ಕುಲುಮೆ ಮುಂದೆ ನಿಲ್ತಾನೆ ಅಂತ ಮಾತು ಕೊಟ್ಟಿದೀನಿ. ನನ್ನ ಮರ್ಯಾದೆ ಉಳ್ಸು."

ನಾನು ನಪಾಸಾದರೆ ಅವರ ಮರ್ಯಾದೆ ಉಳಿಯುತ್ತಿತ್ತು. ಹೀಗೆ ಹರಸಿ ಕಳಿಸುವ ಮಾವ ಎಲ್ಲರಿಗೂ ಸಿಗುವುದಿಲ್ಲ.

ಮೈಸೂರಿನಲ್ಲಿ ಇಂಗ್ಲಿಷ್ ಪತ್ರಿಕೆ ಕೈಗೆ ಬಂತು. ಪೆನ್ನನ್ನು ಮೇಜಿನ ಮೇಲೆ ಅಡ್ಡವಾಗಿ ಇಟ್ಟು ಕೈಕಟ್ಟಿ ಕೂತೆ. ಸುತ್ತಲೂ ನಲವತ್ತು ಪೆನ್ನುಗಳು ಪರಪರ ಎನ್ನುತ್ತಿದ್ದವು. ಮೇಲ್ವಿಚಾರಣೆಯವರು ಎರಡು ಸಲ ನನ್ನ ಮುಂದೆ ಹಾದರು. ಮೂರನೆಯ ಸಲ ನಿಂತು, ಮೈ ಸರಿಯಿಲ್ಲವೇ, ನೀರು ಬೇಕೇ ಎಂದು ಕೇಳಿದರು. ಬೇಡ ಎಂದೆ. ಏನೂ ಓದದೆ ಬಂದ ದಡ್ಡನೆಂದು ಅವರ ಮುಖದಲ್ಲೇ ಬರೆದಿತ್ತು.

ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿದೆ. ನಾಲ್ಕನೆಯ ಪ್ರಶ್ನೆ ನನ್ನನ್ನು ಕೈಬೀಸಿ ಕರೆಯುತ್ತಿತ್ತು: ಇಂಗ್ಲಿಷ್ ಊರಹೆಸರುಗಳಿಂದ ಆ ದೇಶದ ಇತಿಹಾಸ ಹೇಗೆ ತಿಳಿಯುತ್ತದೆ, ಉದಾಹರಣೆಗಳೊಡನೆ ವಿವರಿಸಿ. ಎತ್ತು ದಾಟಿದ ಊರು ಬಾಯಿಗೆ ಬಂದು ಕೂತಿತ್ತು. ನಾಲಿಗೆಯಲ್ಲಿ ನೀರೂರಿತು ಎಂದರೂ ಸರಿ. ಹದಿನೆಂಟು ಪುಟ ಬರೆಯಬಲ್ಲೆ, ಇಳಿದರೆ ಮೇಲೇಳಲಾರೆ; ಅದಕ್ಕೆ ಅದು ಹೊಂಡ. ಅದನ್ನು ಕೊನೆಗೆ ಇಟ್ಟೆ. ಮೊದಲು ಮುಗಿಸಬೇಕಾದ ಆಳವೆಂದರೆ ನನಗೆ ಯಾವ ಆಸೆಯೂ ಇಲ್ಲದ, ಸಪ್ಪೆಯಾದ ಐದು ಪ್ರಶ್ನೆಗಳೇ; ಅವನ್ನು ಒಂದೊಂದಾಗಿ, ತಲಾ ಅರ್ಧ ಗಂಟೆಗೆ ಮೀರದಂತೆ ಬರೆದೆ. ಪದ್ಯದ ಭಾವಾರ್ಥ, ಪತ್ರಲೇಖನ, ಸಾರಾಂಶ, ಯಾವುದರಲ್ಲೂ ಒಂದು ಎತ್ತೂ ಇಲ್ಲ. ನಾಲ್ಕನೆಯ ಪ್ರಶ್ನೆಗೆ ಬಂದಾಗ ಕಾಲು ಗಂಟೆ ಉಳಿದಿತ್ತು. ಜಗತ್ತಿನಲ್ಲಿ ನನಗೆ ಎಲ್ಲಕ್ಕಿಂತ ಚೆನ್ನಾಗಿ ಗೊತ್ತಿದ್ದ ವಿಷಯವನ್ನು ಒಂದೂವರೆ ಪುಟದಲ್ಲಿ ಮುಗಿಸಿ, ಗಂಟೆ ಹೊಡೆದಾಗ ಎದ್ದೆ. ಇಂದಿಗೂ ಆ ಒಂದೂವರೆ ಪುಟ ನೆನೆದರೆ ಹೊಟ್ಟೆ ಉರಿಯುತ್ತದೆ.

ಒಂಬತ್ತನೆಯ ದಿನ ಹಾಜರಿ ಆಫೀಸಿನ ಕಿಂಡಿಗೇ ಬಂದು ಕೂತೆ. ಫಲಿತಾಂಶ ಬರುವವರೆಗೆ ಖಾಯಂ ಜಾಗದ ಮಾತು ಬೇಡವೆಂದು ಮೇಸ್ತ್ರಿಯನ್ನು ಮತ್ತೆ ಒಪ್ಪಿಸಿದವರೂ ಮಾವನೇ. ಫಲಿತಾಂಶ ಪೇಪರಿನಲ್ಲಿ ಬಂತು. ತಮಿಳು ಗುಮಾಸ್ತ ನನ್ನ ನಂಬರು ಕೇಳಿಕೊಂಡು ಸಾಲುಗಳ ಮೇಲೆ ಬೆರಳಾಡಿಸಿದ. ನನಗೆ ನೋಡುವ ಧೈರ್ಯವಿರಲಿಲ್ಲ. ಬೆಳಗಿನ ಪಾಳಿಯವರು ಬಿಲ್ಲೆ ಹಿಡಿದು ನಿಂತಿದ್ದರು. ಅವರ ನಡುವೆ ಮಾವನೂ.

"ಇರುಕ್ಕು!" ಎಂದು ಗುಮಾಸ್ತ ಕಿರುಚಿದ. "ಇದೆ ರೀ, ಇದೆ! ಇರುಕ್ಕು!"

ಮಾವ ಸಾಲು ಮುರಿದು ಮುಂದೆ ಬಂದರು. "ಎಲ್ಲಿ? ಸರಿಯಾಗಿ ನೋಡಿದ್ಯಾ? ಬೇರೆಯೋರ್ದಿರ್ಬೇಕು."

ಗುಮಾಸ್ತ ಪೇಪರನ್ನು ಕಿಂಡಿಯಿಂದ ಹೊರಗೆ ಚಾಚಿದ. ಮಾವನಿಗೆ ಇಂಗ್ಲಿಷ್ ಬಾರದಿದ್ದರೂ ಅಂಕಿ ಬರುತ್ತಿತ್ತು. ಇಪ್ಪತ್ತು ವರ್ಷ ನಂಬರು ಇಟ್ಟುಕೊಂಡವರಲ್ಲವೇ. ನನ್ನ ಪರೀಕ್ಷೆಯ ನಂಬರಿನ ಚೀಟಿಯನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಅಂಕಿ ತಾಳೆ ನೋಡಿದರು. ಮುಗಿದ ಮೇಲೆ ಮತ್ತೆ ಮೊದಲಿನಿಂದ ನೋಡಿದರು. ಆಮೇಲೆ ಪೇಪರು ವಾಪಸು ಕೊಟ್ಟು, ಬಿಲ್ಲೆಯನ್ನು ಕಿಂಡಿಯಲ್ಲಿಟ್ಟು ಒಳಗೆ ಹೋದರು. ಆ ದಿನ ಮಾತ್ರ "ಬಿ.ಎ. ಸಾಹೇಬ್ರೇ" ಎನ್ನಲಿಲ್ಲ. ಅದು ನಿಜವಾಗಿಬಿಟ್ಟಿತ್ತಲ್ಲ, ಇನ್ನು ಅದರಲ್ಲಿ ಸ್ವಾರಸ್ಯವೇನು?

ಮೂರನೆಯ ದರ್ಜೆ. ಹೌದು, ಮೂರನೆಯದೇ. ಮೊದಲ ದರ್ಜೆಯವರನ್ನು ಆಮೇಲೆ ಬೇಕಾದಷ್ಟು ಕಂಡಿದ್ದೇನೆ. ಅವರಲ್ಲಿ ಯಾರ ಮನೆಯಲ್ಲೂ ಅದು ಮೊದಲನೆಯ ಡಿಗ್ರಿಯಾಗಿರಲಿಲ್ಲ.

ಘಟಿಕೋತ್ಸವಕ್ಕೆ ಹೋಗಲು ನಿಲುವಂಗಿಯೂ ಇರಲಿಲ್ಲ, ರಜೆಯೂ ಇರಲಿಲ್ಲ. ಸರ್ಟಿಫಿಕೇಟು ರಿಜಿಸ್ಟರ್ ಅಂಚೆಯಲ್ಲಿ ನ್ಯೂ ಟೌನಿನ ವಿಳಾಸಕ್ಕೆ ಬಂತು. ಮಧ್ಯಾಹ್ನ ಮೂರು ಗಂಟೆಯ ಬಿಸಿಲು. ಮಾವ ಬೆಳಗಿನ ಪಾಳಿ ಮುಗಿಸಿ ಬಂದು ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದರು. ನಾನು ಒಳಗೆ ಹೈಸ್ಕೂಲಿನ ಕೆಲಸಕ್ಕೆ ಅರ್ಜಿಯ ಕರಡು ಬರೆಯುತ್ತಿದ್ದೆ. ಅಂಚೆಯವನು ನನ್ನ ಹೆಸರನ್ನೂ ಅದರ ಬಾಲಕ್ಕಿದ್ದ ಎರಡು ಅಕ್ಷರಗಳನ್ನೂ ಗಟ್ಟಿಯಾಗಿ ಓದಿ, ಸಹಿ ಹಾಕಿಸಿಕೊಂಡು, ಕೊಳವೆಯಂತೆ ಸುತ್ತಿದ ಲಕೋಟೆಯನ್ನು ನನ್ನ ಕೈಗಿಟ್ಟು ಹೋದ.

ಬಿಚ್ಚಿದೆ. ಮಾವ ಕೈ ಚಾಚಿದರು. ಕುಲುಮೆಯ ಬಿಸಿಗೆ ಬಿರಿದ ಕೈಗಳನ್ನು ಮೊದಲು ಪಂಚೆಗೆ, ಸಾಲದೆಂದು ಹೆಗಲ ಟವಲಿಗೆ ಒರೆಸಿಕೊಂಡು, ಕಾಗದವನ್ನು ಅಂಚುಗಳಲ್ಲಿ ಮಾತ್ರ ಹಿಡಿದರು. ಮುದ್ರೆಯನ್ನು ನೋಡಿದರು. ಹಿಂಬದಿಯಲ್ಲಿ ಏನಾದರೂ ಇದೆಯೇ ಎಂದು ತಿರುಗಿಸಿ ನೋಡಿದರು.

"ಇದನ್ನ ಯಾರೂ ವಾಪಸ್ ಕಿತ್ಕೊಳ್ಳೋಕಾಗಲ್ವಾ?"

"ಇಲ್ಲ ಮಾವ."

"ಮೇಸ್ತ್ರಿ ಆ ಜಾಗ ನಿಂಗೆ ಅಂತ ಹಾಗೇ ಇಟ್ಕೊಂಡಿದಾನೆ. ಕಾಗದ ಕೈಗೆ ಬರೋವರ್ಗೂ ಇರ್ಲಿ ಅಂದಿದ್ದೆ. ನಿನ್ನೆ ಕೂಡ ಕೇಳ್ದ."

"ನಾಳೆ ನಾನೇ ಹೋಗಿ ಹೇಳ್ತೀನಿ ಬಿಡಿ, ಬೇಡ ಅಂತ."

ಮಾವ ಸರ್ಟಿಫಿಕೇಟನ್ನು ನನ್ನ ಕೈಗೆ ವಾಪಸು ಕೊಟ್ಟರು. ಎದ್ದು, ಒಳಗೆ ಹೋಗಿ, ಹಬ್ಬಕ್ಕೆ ಹಾಕುವ ಬಿಳಿ ಅಂಗಿ ತೊಟ್ಟುಕೊಂಡು ಬಂದರು.

"ನೀನು ಸುಮ್ನಿರು. ನಾನು ಹೋಗ್ತೀನಿ. ನಮ್ಮುಡ್ಗ ಬರಲ್ಲ ಕಣಯ್ಯ, ಬಿ.ಎ. ಆಗಿದಾನೆ ಅಂತ ಅವನ ಮುಖದ ಮೇಲೆ ಹೇಳ್ಬೇಕು. ನಾನೇ ಹೇಳ್ಬೇಕು."